ಮೆತ್ತೆ ಎತ್ತಿ ನೋಡಿ: ಹೊಸ ಹೊದಿಕೆಯ ಹಳೆ ಎರ್ಕೋಲ್ 203

ಲೂಸಿಯನ್ ಎರ್ಕೊಲಾನಿ 1920ರಲ್ಲಿ ಇಂಗ್ಲೆಂಡಿನ ಹೈ ವಿಕಂಬ್‌ನಲ್ಲಿ ಕಟ್ಟಿದ ಎರ್ಕೋಲ್ ಕಂಪನಿಯ ಆರಾಮಕುರ್ಚಿ ಇದು, ಮಾದರಿ 203. ಹಳೆ ಪೀಠೋಪಕರಣ ರಿಪೇರಿ ಮಾಡಿ ಮಾರುವ ಅಂಗಡಿಯೊಂದು ಹಳೆ ಪಾಲಿಶ್ ತೆಗೆದು, ಹೊಸ ಪಟ್ಟಿ, ಹೊಸ ಫೋಮ್, ಸಾಸಿವೆ ಬಣ್ಣದ ಉಣ್ಣೆ ಬಟ್ಟೆ ಹಾಕಿ ಮಾರಾಟಕ್ಕಿಟ್ಟಿದೆ. ಮರದ ಕೆಲಸ ಬಹಳ ಚೆನ್ನಾಗಿದೆ. ಮೆತ್ತೆಯ ಕೆಳಗಿನ ಕೆಲಸದಲ್ಲಿ ಅವಸರ ಕಾಣುತ್ತದೆ.

ಚೌಕಟ್ಟು ಬೀಚ್ ಮರದ್ದು. ಕುರ್ಚಿಯ ಎರಡೂ ಕೈ ಹಿಡಿದು ಮೂಲೆಯಿಂದ ಮೂಲೆಗೆ ಅಲುಗಾಡಿಸಿದರೂ ಕಟಕ್ ಸದ್ದಿಲ್ಲ. ಮರ ಸೇರುವ ಕೀಲು ಸಡಿಲಾದಾಗ ಹೊರಗಿಂದ ಅಂಟು ಸುರಿದರೆ ಬಾಳುವುದಿಲ್ಲ. ಅಂಟನ್ನು ಮರ ಹೀರಬೇಕು, ಗಟ್ಟಿಯಾದ ಹಳೆ ಅಂಟಿನ ಪದರ ಅದಕ್ಕೆ ಬಿಡುವುದಿಲ್ಲ. ಇಲ್ಲಿ ಕೀಲು ಬಿಚ್ಚಿ, ಕೆರೆದು ಮತ್ತೆ ಕೂರಿಸಿರುವ ಫೋಟೋಗಳನ್ನು ಅಂಗಡಿಯವರೇ ಕೊಡುತ್ತಾರೆ. ಉಪ್ಪುಕಾಗದ ಜಾಸ್ತಿ ಉಜ್ಜಿ ಕೈಗಳ ಅಂಚು ಸವೆಸಿಲ್ಲ, ಮೂಲ ಗೆರೆ ಹಾಗೇ ಉಳಿದಿದೆ. ಬೀಚ್ ಮರಕ್ಕೆ ಹುಳು ಬೇಗ ಹತ್ತುತ್ತದೆ, ಹಾಗಾಗಿ ಕಾಲುಗಳ ಒಳಬದಿಯನ್ನು ಟಾರ್ಚ್ ಹಿಡಿದು ನೋಡಬೇಕು: ಸಣ್ಣ ತೂತಿನಿಂದ ಹಿಟ್ಟು ಉದುರುತ್ತಿದ್ದರೆ ಹುಳು ಇನ್ನೂ ಬದುಕಿದೆ ಎಂದರ್ಥ. ಇದರಲ್ಲಿ ತೂತೇ ಇಲ್ಲ.

ಈಗ ಮೆತ್ತೆ ಎತ್ತಿ. ಸೀಟಿನ ಭಾರ ಹೊರುವುದು ರಬ್ಬರ್ ಪಟ್ಟಿಗಳು. ಮೂಲದಲ್ಲಿ ಪಟ್ಟಿಯ ತುದಿಗೆ ಉಕ್ಕಿನ ಕ್ಲಿಪ್ ಇದ್ದು, ಅದು ಚೌಕಟ್ಟಿನಲ್ಲಿ ಕೊರೆದ ಸಂದಿನೊಳಗೆ ಸಿಕ್ಕಿಕೊಳ್ಳುತ್ತದೆ. ಇವರು ಆ ಸಂದನ್ನು ಖಾಲಿ ಬಿಟ್ಟು ಪಕ್ಕದಲ್ಲಿ ಸ್ಟೇಪ್ಲರ್ ಪಿನ್ ಹೊಡೆದಿದ್ದಾರೆ. ಮುಂದಿನ ಪಟ್ಟಿಯ ಎರಡು ಪಿನ್ ಆಗಲೇ ಎದ್ದಿವೆ, ಅಲ್ಲೇ ಮರದ ಎಳೆಯ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು. ಪಟ್ಟಿಯನ್ನು ಎಳೆದದ್ದೂ ಸಾಲದು. ಸುಮಾರು ಶೇ. 10ರಷ್ಟು ಹಿಗ್ಗಿಸಿ ಕಟ್ಟಬೇಕು, ಅಂದರೆ 50 ಸೆಂ.ಮೀ. ಅಂತರಕ್ಕೆ 45 ಸೆಂ.ಮೀ. ಪಟ್ಟಿ. ಇಲ್ಲಿ ನಡುವೆ ಅಂಗೈ ಊರಿದರೆ ಸಾಕು, ತಗ್ಗಿಬಿಡುತ್ತದೆ. ಇಂಥ ಪಟ್ಟಿಯ ಮೇಲೆ ಎಷ್ಟು ಒಳ್ಳೆ ಫೋಮ್ ಇಟ್ಟರೂ ಕೂತವರ ಸೊಂಟ ಕುಸಿದು ಮಂಡಿ ಮೇಲೇಳುತ್ತದೆ.

ಫೋಮ್ ಮಾತ್ರ ಸರಿಯಾದದ್ದೇ: ಸೀಟಿಗೆ 10 ಸೆಂ.ಮೀ. ಗಟ್ಟಿ, ಬೆನ್ನಿಗೆ ಮೆತ್ತನೆಯದು. ಹೊದಿಕೆಗಿಂತ ತುಸು ದೊಡ್ಡದಾಗಿ ಕತ್ತರಿಸಿದ್ದರಿಂದ ಮೂಲೆಗಳು ತುಂಬಿಕೊಂಡಿವೆ, ಹೊಲಿಗೆಯಂಚಿನ ದುಂಡನೆ ಪಟ್ಟಿ (ಪೈಪಿಂಗ್) ಎಲ್ಲೂ ಸೊಟ್ಟಗಾಗಿಲ್ಲ. ಜಿಪ್ ಇದೆ ಎಂದು ಉಣ್ಣೆಯ ಹೊದಿಕೆ ಬಿಚ್ಚಿ ವಾಷಿಂಗ್ ಮಷೀನಿಗೆ ಹಾಕಬೇಡಿ, ಕುಗ್ಗಿದರೆ ಮತ್ತೆ ಮೆತ್ತೆಗೆ ಏರುವುದಿಲ್ಲ.

ಬ್ರಿಟನ್ನಿನಲ್ಲಿ ಕೊಳ್ಳುವವರು ಮೆತ್ತೆಯ ಬೆಂಕಿ ಸುರಕ್ಷತಾ ಲೇಬಲ್ ಓದಲೇಬೇಕು. 1950ರ ಜನವರಿ 1ಕ್ಕಿಂತ ಮೊದಲು ತಯಾರಾದ ಪೀಠೋಪಕರಣಕ್ಕೆ 1988ರ ಬೆಂಕಿ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಇದೆ. ಆಮೇಲಿನದಕ್ಕೆ ಇಲ್ಲ, ಸೆಕೆಂಡ್ ಹ್ಯಾಂಡ್ ಆದರೂ. ಈ ಕುರ್ಚಿಯ ಎರಡೂ ಮೆತ್ತೆಗಳಲ್ಲಿ ಲೇಬಲ್ ಹೊಲಿದಿದ್ದಾರೆ.

ಕ್ಲಿಪ್ ಇರುವ ಪಟ್ಟಿ 203ರ ಅಳತೆಗೇ ಸಿಗುತ್ತದೆ. ಮುಂಗಡ ಕೊಡುವ ಮೊದಲೇ ಪಿನ್ ಕಿತ್ತು, ಬಿರುಕಿಗೆ ಅಂಟು ತುಂಬಿ ಕ್ಲಾಂಪ್ ಹಾಕಿ, ಹೊಸ ಪಟ್ಟಿಗಳನ್ನು ಮೂಲ ಸಂದಿನಲ್ಲೇ ಕೂರಿಸಿಕೊಡಲು ಹೇಳಿ. ಒಪ್ಪಿದರೆ ಕೊಳ್ಳಿ.