ಟ್ಯಾಕೊ ತಿನ್ನೋಕೆ ಬೆಂಗಳೂರಿಗಾ, ಹಾಸನದ ಮನೆಯಲ್ಲೇನಾ?

ಮಗಳ ಹುಟ್ಟುಹಬ್ಬಕ್ಕೆ ಮೆಕ್ಸಿಕನ್ ರೆಸ್ಟೋರೆಂಟ್‌ಗೆ ಹೋಗೋದಾ, ಮನೆಯಲ್ಲೇ ಮಾಡೋದಾ ಅಂತ ಕೇಳಿದ್ದೀರಿ. ಎರಡೂ ಮಾಡಿ ನೋಡಿದ್ದೇನೆ.

ಖರ್ಚಿನಲ್ಲಿ ಮನೆಯೇ ವಾಸಿ. ಹಾಸನದಿಂದ ಬೆಂಗಳೂರಿಗೆ ಸುಮಾರು 180 ಕಿ.ಮೀ. ಊಟದ ಬಿಲ್ ಬರುವ ಮೊದಲೇ ಪೆಟ್ರೋಲು, ಟೋಲು ಅಂತ ಜೇಬು ಹಗುರವಾಗಿರುತ್ತದೆ.

ಆದರೆ ರೆಸ್ಟೋರೆಂಟಿನ ಕಳೆ ಮನೆಗೆ ಬರುವುದಿಲ್ಲ. ಗುಲಾಬಿ, ಹಳದಿ ಗೋಡೆ. ತಲೆ ಮೇಲೆ ಪಾಪೆಲ್ ಪಿಕಾಡೊ, ಅಂದರೆ ಚಿತ್ತಾರ ಕತ್ತರಿಸಿದ ಬಣ್ಣದ ಕಾಗದದ ತೋರಣ. ಮಕ್ಕಳು ಮೆನು ಬಿಟ್ಟು ಅದನ್ನೇ ನೋಡುತ್ತಾ ಕೂರುತ್ತವೆ. ಗಲಾಟೆ ಮಾತ್ರ ಜಾಸ್ತಿ. ಅಜ್ಜಿ ಜೊತೆಗಿದ್ದರೆ, ಪಾಪ, ಮಾತೇ ಕೇಳಿಸುವುದಿಲ್ಲ.

ರುಚಿ? ಒಳ್ಳೆಯ ಕಡೆ ಮುಸುಕಿನ ಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ನೆನೆಸಿ, ರುಬ್ಬಿ ಟೋರ್ಟಿಯಾ, ಅಂದರೆ ಪಲ್ಯ ತುಂಬಿ ಮಡಿಚಿದರೆ ಟ್ಯಾಕೊ ಆಗುವ ತೆಳು ರೊಟ್ಟಿ, ಮಾಡುತ್ತಾರೆ. ಆ ಘಮ ಬರೀ ಜೋಳದ ಹಿಟ್ಟಿಗಿಲ್ಲ. ನಾನು ತಟ್ಟಿದ್ದು ಮಡಿಚಿದ ಕೂಡಲೇ ಬಿರುಕು ಬಿಟ್ಟಿತು. ಕೊನೆಗೆ ಚಪಾತಿಗೆ ರಾಜ್ಮಾ ಸುತ್ತಿ ಬರಿಟೊ ಅಂದೆ. ಅದಕ್ಕೂ ಗೋಧಿ ಟೋರ್ಟಿಯಾನೇ ಅಲ್ವಾ! ಸಾಲ್ಸಾ ಅನ್ನೋ ಚಟ್ನಿಗೆ ಬೇಕಾದ ಟೊಮೆಟೊ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ನಿಂಬೆ ಎಲ್ಲಾ ಹಾಸನದ ಕಟ್ಟಿನಕೆರೆ ಮಾರ್ಕೆಟ್‌ನಲ್ಲೇ ಸಿಗುತ್ತವೆ.

ಹತ್ತು ಮಕ್ಕಳ ದಂಡು ಬರುವುದಾದರೆ ಮನೆಯಲ್ಲೇ ಮಾಡಿ, ಅವರವರ ಟ್ಯಾಕೊ ಅವರೇ ತುಂಬಿಕೊಳ್ಳಲಿ. ಹೇಗೂ ಬೆಂಗಳೂರಲ್ಲಿ ಕೆಲಸವಿದ್ದು, ಮನೆಯ ನಾಲ್ಕೇ ಜನ ಅಂದರೆ ರೆಸ್ಟೋರೆಂಟ್. ಭಾನುವಾರ ಸಂಜೆ ಮಾತ್ರ ಬೇಡ, ಸುಮ್ನೆ ಬಾಗಿಲಲ್ಲಿ ಕಾಯಬೇಕು.