ಉಣುಗೋಲಿನ ಮುಂದೆ ಮೂರು ಕಾರು

ಹ್ಯುಂಡೈ ಐ20 ಎನ್ ಲೈನ್ ಕೊಂಡು ಎಂಟು ತಿಂಗಳಾಯಿತು. ಆರು ಗೇರಿನ ಮ್ಯಾನುಯಲ್. ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಗೆ ಬಂದವರೆಲ್ಲ ಅಂಗಳದಲ್ಲಿ ಅದನ್ನು ನೋಡಿ, ‘ಇನ್ನೊಂದಿಷ್ಟು ಸೇರಿಸಿದ್ದರೆ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯೇ ಬರುತ್ತಿತ್ತಲ್ಲ’ ಎನ್ನುತ್ತಾರೆ. ಆ ‘ಒಂದಿಷ್ಟು’ ಎಷ್ಟೆಂದು ಮುಂದೆ ಹೇಳುತ್ತೇನೆ. ಶಿವಮೊಗ್ಗದ ಭಾವನವರ ವರ್ಟಸ್ ಜಿಟಿ, ಅಂದರೆ 1.5 ಲೀಟರಿನ ಮ್ಯಾನುಯಲ್ ಅನ್ನು ಮೂರು ದಿನ, ಸಾಗರದ ಗೆಳೆಯನ ಟಾಟಾ ಆಲ್ಟ್ರೋಜ್ ರೇಸರ್ ಅನ್ನು ಎರಡು ದಿನ ಓಡಿಸಿದ ಮೇಲೆಯೇ ನಾನು ಮುಂಗಡ ಕಟ್ಟಿದ್ದು. ಇವತ್ತು ಮತ್ತೆ ಆರಿಸಿ ಎಂದರೂ ಎನ್ ಲೈನನ್ನೇ ಆರಿಸುತ್ತೇನೆ.

ಮೂರನ್ನೂ ಸ್ಪೋರ್ಟಿ ಎಂದೇ ಮಾರುತ್ತಾರೆ. ಇವು ನಿಜಕ್ಕೂ ಸ್ಪೋರ್ಟ್ಸ್ ಕಾರುಗಳೇ ಎಂದು ಕೆಲವರು ಕೇಳಬಹುದು. 2025ರಲ್ಲಿ ಗಾಲ್ಫ್ ಜಿಟಿಐ ನಮ್ಮ ದೇಶಕ್ಕೆ ಬಂದಾಗ ಅದರ ಬೆಲೆ 52.99 ಲಕ್ಷ ರೂಪಾಯಿ, ಎಂಜಿ ಸೈಬರ್‌ಸ್ಟರ್‌ನದು 74.99 ಲಕ್ಷ. ಕೊಳೆರೋಗ, ಎಲೆಚುಕ್ಕಿ ಎರಡೂ ಕಾಡುವ ಅಡಿಕೆ ತೋಟ ನಂಬಿಕೊಂಡವರಿಗೆ ಅವು ಚಿತ್ರದಲ್ಲಿ ನೋಡುವ ಕಾರುಗಳು. ನಮಗೆ ಎಟಕುವ ವೇಗ ಈ ಮೂರರಲ್ಲೇ ಇದೆ.

ಮೊದಲು ನಮ್ಮ ಮನೆಯ ಏರಿನ ವಿಷಯ ಹೇಳಬೇಕು, ಏಕೆಂದರೆ ಎಲ್ಲ ತೀರ್ಮಾನವಾದದ್ದು ಅಲ್ಲೇ. ಟಾರು ರಸ್ತೆಯಿಂದ ತಿರುಗಿದ ಕೂಡಲೇ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿ. ಅದನ್ನು ದಾಟಿದರೆ ಜಂಬಿಟ್ಟಿಗೆ ಮಣ್ಣಿನ ಕಡಿದಾದ ಏರು. ಏರಿನ ನಟ್ಟನಡುವೆ ಉಣುಗೋಲು: ಎರಡು ಕಲ್ಲುಕಂಬ, ಅವುಗಳ ತೂತಿನಲ್ಲಿ ಅಡ್ಡ ಸೇರಿಸಿದ ಮೂರು ಬಿದಿರ ಗಳ. ದನ ತೋಟಕ್ಕೆ ನುಗ್ಗದ ಹಾಗೆ ಅಪ್ಪಯ್ಯ ಮಾಡಿಸಿದ್ದು. ಕಾರು ಬಂದರೆ ಏರಿನಲ್ಲೇ ನಿಲ್ಲಬೇಕು, ಒಬ್ಬರು ಇಳಿದು ಗಳಗಳನ್ನು ಸರಿಸಬೇಕು, ಆಮೇಲೆ ಕಂಬಗಳಿಗೆ ಕನ್ನಡಿ ತಾಗದಂತೆ ಗೇಣು ಗೇಣಾಗಿ ಮೇಲೆ ಹತ್ತಬೇಕು. ಹತ್ತಿದ ಮೇಲೆ ಮತ್ತೆ ನಿಂತು, ಹಿಂದಕ್ಕೆ ಏರಿಸಿ ಚಪ್ಪರದೊಳಗೆ ನಿಲ್ಲಿಸಬೇಕು. ದಿನಕ್ಕೆ ಎರಡು ಸಲವಾದರೂ ಇದು ತಪ್ಪದು.

ಇದಕ್ಕೆ ಮೊದಲು ನನ್ನಲ್ಲಿದ್ದದ್ದು ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ ಕಾರು, ಎರಡು ಕ್ಲಚ್ ಸರದಿಯ ಮೇಲೆ ತಾವೇ ಗೇರು ಬದಲಿಸುವಂಥದ್ದು. ಸೆಕೆಂಡ್ ಹ್ಯಾಂಡ್. ಕಂಪನಿಯ ಹೆಸರು ಇಲ್ಲಿ ಬೇಡ. ಹೆದ್ದಾರಿಯಲ್ಲಿ ಅದರ ಗೇರು ಬದಲಾಗುತ್ತಿದ್ದದ್ದು ಗೊತ್ತೇ ಆಗುತ್ತಿರಲಿಲ್ಲ, ಅಷ್ಟು ನಯ. ಎರಡನೆಯ ಮಳೆಗಾಲ ಬರುವ ಹೊತ್ತಿಗೆ ಉಣುಗೋಲಿನ ಹತ್ತಿರ ಮೈ ನಡುಗಿಸಲು ತೊಡಗಿತು. ಒಂದು ಸಂಜೆ ಮನೆಯಲ್ಲಿ ನೆಂಟರು ತುಂಬಿದ್ದರು. ಅಂಗಳದಲ್ಲಿ ಜಾಗ ಮಾಡಲು ಕಾರನ್ನು ನಾಲ್ಕೈದು ಸಲ ಹಿಂದೆ ಮುಂದೆ ಏರಿಸಿ ಇಳಿಸಿದೆ. ಗೇರುಪೆಟ್ಟಿಗೆ ಬಿಸಿಯಾಗಿದೆ ಎಂಬ ಎಚ್ಚರಿಕೆ ಮೂಡಿ, ಕಾರು ಏರಿನ ಮಧ್ಯದಲ್ಲಿ ಅಲುಗದೆ ನಿಂತುಬಿಟ್ಟಿತು. ಮಗಳು ಮಳೆಯಲ್ಲಿ ಗಳ ಹಿಡಿದುಕೊಂಡು ಅರ್ಧ ಗಂಟೆ ಕಾದಳು. ಕೊನೆಗೆ ಕ್ಲಚ್ಚಿನ ಜೋಡಿಯನ್ನೇ ಬದಲಾಯಿಸಬೇಕಾಯಿತು. ಖರ್ಚು ಲಕ್ಷದ ಹತ್ತಿರ ಹೋಯಿತು. ಆ ದುಡ್ಡಿನ ನೋವು ನನಗೆ ಇನ್ನೂ ಆರಿಲ್ಲ.

ಹೀಗಾಗುವುದಕ್ಕೆ ಕಾರಣ ಇದೆ. ಹಳೆಯ ಮಾದರಿಯ ಆಟೋಮ್ಯಾಟಿಕ್‌ನಲ್ಲಿ ಎಂಜಿನ್ ಮತ್ತು ಗೇರಿನ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ನಿಧಾನಕ್ಕೆ ತೆವಳುವಾಗ ಹುಟ್ಟುವ ಜಾರಾಟವನ್ನೆಲ್ಲ ಅದರೊಳಗಿನ ಎಣ್ಣೆ ತಾಳಿಕೊಳ್ಳುತ್ತದೆ. ಒಣ ಡ್ಯುಯಲ್ ಕ್ಲಚ್ಚಿನಲ್ಲಿ ಆ ಎಣ್ಣೆ ಇಲ್ಲ. ಏರಿನಲ್ಲಿ ಗೇಣು ಗೇಣು ಹತ್ತಿಸಿದರೆ ಕ್ಲಚ್ ತಟ್ಟೆ ಉಜ್ಜಿಕೊಂಡೇ ಇರುತ್ತದೆ, ಬಿಸಿ ಹೋಗಲು ದಾರಿ ಇರುವುದಿಲ್ಲ. ಮ್ಯಾನುಯಲ್‌ನಲ್ಲೂ ಅರ್ಧ ಕ್ಲಚ್ ಹಿಡಿದರೆ ಸವೆಯುತ್ತದೆ ಎನ್ನುವುದು ನಿಜ. ಆದರೆ ಅಲ್ಲಿ ನಿರ್ಧಾರ ನನ್ನ ಕಾಲಿನದು. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸುತ್ತೇನೆ, ಗಳ ಪೂರ್ತಿ ಸರಿದ ಮೇಲೆ ಒಂದೇ ಸಲ ಕ್ಲಚ್ ಬಿಟ್ಟು ಹತ್ತಿಸುತ್ತೇನೆ. ಸುಟ್ಟ ವಾಸನೆ ಬಂದರೆ ಮೂಗಿಗೆ ತಿಳಿಯುತ್ತದೆ. ಎನ್ ಲೈನ್‌ನಲ್ಲಿ ಡ್ಯುಯಲ್ ಕ್ಲಚ್ ಕೂಡ ಸಿಗುತ್ತದೆ, ವರ್ಟಸ್ 1.5ರಲ್ಲೂ ಸಿಗುತ್ತದೆ. ಎರಡನ್ನೂ ನಾನು ಕಣ್ಣೆತ್ತಿ ನೋಡಲಿಲ್ಲ. ನಮ್ಮ ಏರು ಹಾಗಿದೆ, ಅಷ್ಟೇ.

ಅದೇ ಕಲ್ಲುಚಪ್ಪಡಿಯ ಮೇಲೆ ವರ್ಟಸ್‌ನ ಮುಂಭಾಗದ ಅಂಚು ಎರಡು ಸಲ ತಾಗಿತು. ಅದರ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಕಾರಿನ ಹೊಟ್ಟೆಗಿರುವ ಎತ್ತರ, 179 ಮಿಲಿಮೀಟರ್, ರೇಸರ್‌ನದು 165. ಅಂಕಿ ನೋಡಿದರೆ ರೇಸರ್ ತಾಗಬೇಕಿತ್ತು, ಅದು ತಾಗಲಿಲ್ಲ. ಏರು ಶುರುವಾಗುವ ಮೂಲೆಯಲ್ಲಿ ಲೆಕ್ಕಕ್ಕೆ ಬರುವುದು ಮುಂದಿನ ಚಕ್ರದಿಂದಾಚೆ ಮೂಗು ಎಷ್ಟು ಚಾಚಿದೆ ಎಂಬುದು. ತಪ್ಪು ನಮ್ಮ ದಾರಿಯದೇ, ಕಾರಿನದಲ್ಲ. ಆದರೆ ನಾಲ್ಕೂವರೆ ಮೀಟರ್ ಮೀರಿದ ಆ ಕಾರನ್ನು ಕಂಬಗಳ ನಡುವೆ ತೂರಿಸಿ ಚಪ್ಪರಕ್ಕೆ ತಿರುಗಿಸುವಷ್ಟರಲ್ಲಿ ನನಗೆ ಬೆವರಿಳಿದಿತ್ತು.

ಇನ್ನು ರಸ್ತೆಯ ಮಾತು. ಶಿವಮೊಗ್ಗದಿಂದ ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಬರುವ ದಾರಿಯಲ್ಲಿ ವರ್ಟಸ್‌ಗೆ ಸಾಟಿ ಇಲ್ಲ. 150 ಅಶ್ವಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ). ಮುಂದೆ ಬಸ್ ಇದ್ದರೆ ಗೇರು ಇಳಿಸುವ ಗೋಜಿಲ್ಲ, ಕಾಲು ಒತ್ತಿದರೆ ಮುಗಿಯಿತು. ಭಾವನವರ ಕಾರನ್ನು ಹಿಂದಿರುಗಿಸಿ ಬರುವಾಗ ಬೇಸರವಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಆಗುಂಬೆ ಘಾಟಿಯಲ್ಲಿ ಮಾತ್ರ ಕಥೆ ಬೇರೆ. ಸೋಮೇಶ್ವರಕ್ಕೆ ಇಳಿಯುವ ಆ ದಾರಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ಕೆಳಗಿನಿಂದ ಹತ್ತುವಾಗ ತಿರುವಿನ ಬಾಯಿಯಲ್ಲಿ ಎದುರಿನ ವಾಹನಕ್ಕೆ ಜಾಗ ಬಿಡಲು ವೇಗ ಪೂರ್ತಿ ಇಳಿಸುತ್ತೇವೆ, ಎಂಜಿನ್ನಿನ ಸುತ್ತೂ ಇಳಿಯುತ್ತದೆ. ಸುತ್ತು ಇಳಿದರೆ ಟರ್ಬೊ ಎಂಜಿನ್ನು ಮಂಕಾಗುತ್ತದೆ, ಅದು ಎಚ್ಚರವಾಗಿರಬೇಕಾದದ್ದು ಆಗಲೇ. ಎನ್ ಲೈನ್‌ನ ಒಂದು ಲೀಟರ್ ಎಂಜಿನ್ನು ತನ್ನ 172 ನ್ಯೂಟನ್ ಮೀಟರ್ ಅನ್ನು ನಿಮಿಷಕ್ಕೆ 1500 ಸುತ್ತಿನಿಂದಲೇ ಕೊಡುತ್ತದೆ, ರೇಸರ್‌ನ 1.2 ಲೀಟರ್ ಎಂಜಿನ್ನು 170 ಅನ್ನು 1750ರಿಂದ ಕೊಡುತ್ತದೆ. ಶಕ್ತಿ ಎರಡರಲ್ಲೂ 120ರ ಆಸುಪಾಸು. ಕಾಗದದ ಮೇಲೆ ಇದು ಏನೂ ಅಲ್ಲದ ವ್ಯತ್ಯಾಸ. ತಿರುವಿನಲ್ಲಿ ಹಾಗಲ್ಲ: ಎನ್ ಲೈನನ್ನು ಎರಡನೆಯ ಗೇರಿನಲ್ಲೇ ಬಿಟ್ಟು ಎಳೆದುಕೊಂಡೆ, ರೇಸರ್‌ನಲ್ಲಿ ಕೆಲವು ತಿರುವುಗಳಿಗೆ ಮೊದಲನೆಯ ಗೇರಿಗೆ ಬಂದೆ. ನನಗೆ ಹಿಡಿಸಿದ್ದು ಮೊದಲಿನದು. ಇಲ್ಲಿ ಯಾರಿಗೂ ಶೂನ್ಯದಿಂದ ನೂರಕ್ಕೆ ಎಷ್ಟು ಸೆಕೆಂಡ್ ಎಂಬುದು ಬೇಕಾಗಿಲ್ಲ, ಹದಿನೈದರಿಂದ ನಲವತ್ತಕ್ಕೆ ಹೇಗೆ ಹೋಗುತ್ತದೆ ಎಂಬುದು ಬೇಕು.

ಇಳಿಯುವಾಗ ಇನ್ನೊಂದು ವಿಷಯ. ಎನ್ ಲೈನ್‌ಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಉಳಿದೆರಡಕ್ಕೆ ಹಿಂದೆ ಡ್ರಮ್. ಮೂರೂ ಚೆನ್ನಾಗಿಯೇ ನಿಂತವು, ನಾನು ಎಲ್ಲವನ್ನೂ ಎರಡನೆಯ ಗೇರಿನ ಎಂಜಿನ್ ಹಿಡಿತದಲ್ಲೇ ಇಳಿಸಿದವನು. ಆದರೂ ಗಾಳಿಗೆ ತೆರೆದುಕೊಂಡ ಡಿಸ್ಕ್ ಬೇಗ ಆರುತ್ತದೆ ಎಂಬ ಧೈರ್ಯ ನನಗೆ ಬೇಕಿತ್ತು. ಘಾಟಿಯಲ್ಲಿ ಬ್ರೇಕ್ ಕಾದು ನಿಂತ ಲಾರಿಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ.

ಅಂದದಲ್ಲಿ ನನ್ನ ಮತ ರೇಸರ್‌ಗೆ. ಕಪ್ಪು ಬಾನೆಟ್ಟಿನ ಮೇಲೆ ಆ ಜೋಡಿ ಬಿಳಿ ಪಟ್ಟೆ ನೋಡಿ ಮಗಳು ಅದೇ ಬೇಕೆಂದು ಹಟ ಹಿಡಿದಿದ್ದಳು. ಬಾಗಿಲುಗಳು ತೊಂಬತ್ತು ಡಿಗ್ರಿ ತೆರೆಯುತ್ತವೆ, ಮಂಡಿನೋವಿನ ಅಮ್ಮ ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿದರು. ಎನ್ ಲೈನ್‌ಗೆ ಅವರು ಈಗಲೂ ನನ್ನ ಭುಜ ಹಿಡಿದೇ ಹತ್ತುವುದು.

ಡಿಕ್ಕಿ ವರ್ಟಸ್‌ನದೇ ದೊಡ್ಡದು, 521 ಲೀಟರ್. ಎನ್ ಲೈನ್‌ನ ಎಕ್ಸಾಸ್ಟ್ ದನಿ ಮೂರರಲ್ಲಿ ಇಂಪು.

ಮನೆಯವಳ ಆಕ್ಷೇಪವನ್ನು ಬಿಡುವಂತಿಲ್ಲ. ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ವರ್ಟಸ್‌ಗೂ ಆಲ್ಟ್ರೋಜ್‌ಗೂ ಐದು ನಕ್ಷತ್ರ ಸಿಕ್ಕಿವೆ, 2022ರಲ್ಲಿ ಐ20ಗೆ ಸಿಕ್ಕಿದ್ದು ಮೂರು. ಅಂದು ಪರೀಕ್ಷೆಗೆ ಹೋದದ್ದು ಎರಡು ಏರ್‌ಬ್ಯಾಗಿನ ಮಾದರಿ, ನಾನು ಕೊಂಡದ್ದರಲ್ಲಿ ಆರು ಇವೆ. ಹಾಗೆಂದು ಅವಳ ಮಾತು ಸುಳ್ಳಾಗುವುದಿಲ್ಲ. ಇದೊಂದೇ ವಿಷಯದಲ್ಲಿ ನಾನು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಯಿತು.

ಈಗ ಆ ‘ಒಂದಿಷ್ಟು’. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳ ತೆರಿಗೆ 29ರಿಂದ 18 ಪ್ರತಿಶತಕ್ಕೆ ಇಳಿಯಿತು. ಎನ್ ಲೈನ್, ರೇಸರ್ ಎರಡೂ ಈ ಅಳತೆಯೊಳಗೆ ಬರುತ್ತವೆ. ವರ್ಟಸ್ 1.5ಕ್ಕೆ ಅದು 45ರಿಂದ 40ಕ್ಕೆ ಮಾತ್ರ ಇಳಿಯಿತು. ಅದರ ಮೇಲೆ ನಮ್ಮ ರಾಜ್ಯದ ಆಜೀವ ರಸ್ತೆ ತೆರಿಗೆ: ಬೆಲೆ ಐದು ಲಕ್ಷ ದಾಟಿ ಹತ್ತು ಲಕ್ಷದೊಳಗಿದ್ದರೆ 14 ಪ್ರತಿಶತ, ಹತ್ತು ದಾಟಿ ಇಪ್ಪತ್ತರವರೆಗೆ 17. ಆ ತೆರಿಗೆಯ ಮೇಲೆ ಸೆಸ್ ಬೇರೆ. ಕೆಳಗಿನ ಶ್ರೇಣಿಯ ಎನ್ ಲೈನ್ ತೆಗೆದುಕೊಂಡು ಹತ್ತು ಲಕ್ಷದ ಗೆರೆಯೊಳಗೇ ಉಳಿದೆ. ವರ್ಟಸ್‌ನ ಮೇಲಿನ ಶ್ರೇಣಿಗೆ ರಸ್ತೆ ತೆರಿಗೆಯೊಂದೇ ಮೂರು ಲಕ್ಷದ ಹತ್ತಿರ ಹೋಗುತ್ತಿತ್ತು. ತೋಟಕ್ಕೆ ಒಂದು ವರ್ಷ ಔಷಧಿ ಹೊಡೆಸಿ, ಗೊಬ್ಬರ ಹಾಕಿಸಿದರೂ ನನಗೆ ಅಷ್ಟು ಖರ್ಚಾಗುವುದಿಲ್ಲ.

ಶಿವಮೊಗ್ಗ ಪೇಟೆಯಲ್ಲಿ ಸಮತಟ್ಟಾದ ಅಂಗಳವಿದ್ದು, ತಿಂಗಳಿಗೆ ನಾಲ್ಕು ಸಲ ಬೆಂಗಳೂರಿಗೆ ಹೋಗಿಬರುವವರಾದರೆ ಭಾವನವರ ಹಾಗೆ ವರ್ಟಸ್ ಕೊಳ್ಳಿ. ವಯಸ್ಸಾದವರು ದಿನಾ ಕಾರು ಹತ್ತುವ ಮನೆಗೆ ರೇಸರ್ ಒಳ್ಳೆಯದು. ನಾನು ವಾರಕ್ಕೆರಡು ಸಲ ಶಿವಮೊಗ್ಗಕ್ಕೆ, ತಿಂಗಳಿಗೊಮ್ಮೆ ಘಾಟಿ ಇಳಿದು ಉಡುಪಿಗೆ ಹೋಗುವವನು, ಹೆಚ್ಚಿನ ದಿನ ಒಬ್ಬನೇ. ಸಂಜೆ ಹಿಂದಿರುಗಿದಾಗ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಇಳಿದು, ಮೂರೂ ಗಳಗಳನ್ನು ನಿಧಾನವಾಗಿ ಸರಿಸುತ್ತೇನೆ. ಕಾರು ಅಲ್ಲೇ ನಿಂತಿರುತ್ತದೆ.