ಕೋಡ್‌ಬರ್ಗ್‌ಗೆ ಹೋದ ನಮ್ಮ ಅಡಿಕೆ ಲೆಕ್ಕ

ಶಿರಸಿ ಕಡೆಯ ನಮ್ಮ ತೋಟದ ಲೆಕ್ಕಕ್ಕೆ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಅಡಿಕೆಯಲ್ಲಿ ಚಾಲಿ ಎಷ್ಟು, ರಾಶಿ ಎಷ್ಟು, ಯಾವತ್ತು ಯಾವ ದರಕ್ಕೆ ಹೋಯಿತು, ಅಷ್ಟೇ. ಒಂದು ವರ್ಷದಿಂದ ಅದು ಕೋಡ್‌ಬರ್ಗ್‌ನಲ್ಲಿದೆ. ಪ್ರೋಗ್ರಾಂಗಳ ಕೋಡ್ ಇಟ್ಟು, ಹಲವರು ಸೇರಿ ತಿದ್ದುವ ವೆಬ್‌ಸೈಟ್ ಅದು. ಇದನ್ನು ನಡೆಸುವುದು ಬರ್ಲಿನ್‌ನ ಒಂದು ಸಂಘ, ಲಾಭಕ್ಕಲ್ಲ. ಸದಸ್ಯರ ವಂತಿಗೆ, ದೇಣಿಗೆಯಲ್ಲೇ ನಡೆಯುತ್ತದೆ. ಸಹಕಾರಿ ಸಂಘ ನೋಡಿಕೊಂಡೇ ಬೆಳೆದ ನನಗೆ ಈ ಏರ್ಪಾಡು ಬಹಳ ಹಿಡಿಸಿತು. ಯಾರು ಬೇಕಾದರೂ ಬಳಸಿ ತಿದ್ದಬಹುದು ಎನ್ನುವ ಮುಕ್ತ ಲೈಸೆನ್ಸ್ ಇಲ್ಲದ ಕೋಡ್ ಇಡುವ ಜಾಗ ಇದಲ್ಲ, ಮೊದಲೇ ತಿಳಿದಿರಲಿ.

ಕುಮಟಾದಲ್ಲಿರುವ ಅಕ್ಕನ ಮಗ, "ತೂಕದ ಕಾಲಂ ನಾನು ಸರಿ ಮಾಡ್ತೇನೆ ಮಾವ" ಅಂದ. ಎರಡು ದಿನ ಬಿಟ್ಟು ಫೋನ್ ಬಂತು. "ಪುಶ್ಶೇ ಆಗ್ತಿಲ್ಲ, ಅನುಮತಿ ಇಲ್ಲ ಅಂತಿದೆ." ಪುಶ್ ಅಂದರೆ ಬದಲಾವಣೆಯನ್ನು ಸೈಟಿಗೆ ಕಳಿಸುವುದು. ಅವನು ಫೋರ್ಕ್ ಮಾಡಿದ್ದು, ಅಂದರೆ ಸೈಟಿನಲ್ಲಿ ತನ್ನ ಹೆಸರಿಗೆ ಒಂದು ಪ್ರತಿ ಮಾಡಿಕೊಂಡಿದ್ದು, ಸರಿಯಾಗಿಯೇ ಇತ್ತು. ಆದರೆ ಕ್ಲೋನ್ ಮಾಡಿಕೊಂಡಿದ್ದು, ಅಂದರೆ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಿದ್ದು, ನನ್ನ ಮೂಲವನ್ನು. ಎಲ್ಲಿಂದ ಕ್ಲೋನ್ ಮಾಡುತ್ತೇವೋ ಅದಕ್ಕೆ, ಬದಲಾವಣೆಗಳ ಲೆಕ್ಕ ಇಡುವ ಗಿಟ್ ಎಂಬ ತಂತ್ರಾಂಶ ತಾನಾಗಿಯೇ ‘ಒರಿಜಿನ್’ ಅಂತ ಹೆಸರಿಡುತ್ತದೆ. ಅವನು ಕಳಿಸಿದ್ದೆಲ್ಲ ನನ್ನ ಬಾಗಿಲಿಗೇ ಬಂದು ನಿಲ್ಲುತ್ತಿತ್ತು.

ಗಿಟ್‌ನಲ್ಲಿ ರಿಮೋಟ್ ಅಂದರೆ ದೂರದ ಪ್ರತಿಯ ವಿಳಾಸಕ್ಕೆ ಇಟ್ಟ ಹೆಸರು. ನನ್ನ ಮೂಲ ಅಪ್‌ಸ್ಟ್ರೀಮ್ ಆಗಬೇಕು, ಅವನ ಫೋರ್ಕ್ ಒರಿಜಿನ್ ಆಗಬೇಕು. ಫೋನಿನಲ್ಲೇ ಹೇಳಿದೆ. ಮೊದಲು ‘ಗಿಟ್ ರಿಮೋಟ್ ರಿನೇಮ್ ಒರಿಜಿನ್ ಅಪ್‌ಸ್ಟ್ರೀಮ್’. ಆಮೇಲೆ ‘ಗಿಟ್ ರಿಮೋಟ್ ಆಡ್ ಒರಿಜಿನ್’, ಅದರ ಮುಂದೆ ನಿನ್ನ ಫೋರ್ಕಿನ ವಿಳಾಸ. ಕೊನೆಗೆ ‘ಗಿಟ್ ರಿಮೋಟ್ ಮೈನಸ್ ವಿ’ ಕೊಟ್ಟು ನೋಡು, ನಾಲ್ಕು ಸಾಲು ಬರಬೇಕು. ಒಂದೊಂದು ಹೆಸರಿಗೆ ತರುವ ಸಾಲು ಒಂದು, ಕಳಿಸುವ ಸಾಲು ಒಂದು. ಅವನು ನಾಲ್ಕನ್ನೂ ಓದಿ ಹೇಳಿದ. ಇನ್ನು ಅಪ್‌ಸ್ಟ್ರೀಮಿನಿಂದ ತಂದುಕೋ, ಒರಿಜಿನ್ನಿಗೆ ಕಳಿಸು, ಅಲ್ಲಿಂದ ಪುಲ್ ರಿಕ್ವೆಸ್ಟ್ ಹಾಕು, ಅಂದರೆ ನಿನ್ನ ಬದಲಾವಣೆಯನ್ನು ಮೂಲಕ್ಕೆ ಸೇರಿಸಿಕೋ ಅಂತ ನನ್ನನ್ನು ಕೇಳು, ಅಂದೆ.

ಕೋಡ್‌ಬರ್ಗ್‌ನ ಡಾಕ್ಯುಮೆಂಟೇಶನ್‌ನಲ್ಲಿ ಪುಲ್ ರಿಕ್ವೆಸ್ಟಿಗೆ ಅಂತಲೇ ಒಂದು ಪುಟ ಇದೆ, ಚೆನ್ನಾಗಿದೆ. ಆದರೆ ಹೊಸಬರು ಮೊದಲು ನೋಡುವುದು ಪ್ರಾಜೆಕ್ಟನ್ನೇ ಅಲ್ವಾ? ನನ್ನದರಲ್ಲಿ, ಕೈಜೋಡಿಸುವವರಿಗೆ ದಾರಿ ಹೇಳುವ ‘ಕಾಂಟ್ರಿಬ್ಯೂಟಿಂಗ್’ ಫೈಲೇ ಇರಲಿಲ್ಲ. ಆ ರಾತ್ರಿಯೇ ಕೂತು ಕನ್ನಡದಲ್ಲಿ ಬರೆದೆ. ರಿಮೋಟ್ ಎರಡಕ್ಕೂ ಯಾವ ಹೆಸರು, ಟೆಸ್ಟ್ ಓಡಿಸುವುದು ಹೇಗೆ, ಒಂದು ಬ್ರಾಂಚಿನಲ್ಲಿ (ಕೋಡಿನ ಕವಲಿನಲ್ಲಿ) ಒಂದೇ ಬದಲಾವಣೆ. ಆ ನಾಲ್ಕು ಸಾಲು ಹೇಗೆ ಕಾಣಬೇಕು ಅಂತ ಹಾಗೇ ಅಂಟಿಸಿದೆ.

ಅಷ್ಟರಲ್ಲಿ ಮಳೆ ಜೋರಾಗಿ, ಲೈನಿನ ಮೇಲೆ ಮರ ಬಿದ್ದು ಕರೆಂಟೂ ಹೋಯಿತು, ನೆಟ್ಟೂ ಹೋಯಿತು. ಕಮಿಟ್ ಮಾಡಲು, ಅಂದರೆ ಬದಲಾವಣೆಯನ್ನು ದಾಖಲಿಸಲು, ಗಿಟ್‌ಗೆ ನೆಟ್ ಬೇಡ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಬರೆದೆ. ಮೂರನೇ ದಿನ ಸಿಗ್ನಲ್ ಬಂದಾಗ ಒಂದೇ ಪುಶ್. ಅವನ ಪುಲ್ ರಿಕ್ವೆಸ್ಟ್ ಆಗಲೇ ಬಂದು ಕಾಯುತ್ತಿತ್ತು. ತೂಕ ಈಗ ಕ್ವಿಂಟಲ್, ಕಿಲೋ ಎರಡರಲ್ಲೂ ಕಾಣುತ್ತದೆ.